ಸರೀಸೃಪದ ಹೃದಯ: ನರ, ಔಷಧ ಮತ್ತು ರಕ್ತದ ದಾರಿ

ಸಿ.ವಿ. ರಾಮನ್ ನಗರದಲ್ಲಿ ಮಳೆ ಹಿಡಿಯಿತೆಂದರೆ ಹಾವುಗಳು ಹೊರಬೀಳುತ್ತವೆ. ಡಿ.ಆರ್.ಡಿ.ಓ. ಪ್ರಯೋಗಾಲಯಗಳ ಕಾಂಪೌಂಡಿನೊಳಗಿನ ಕುರುಚಲು, ಕಗ್ಗದಾಸಪುರ ಕೆರೆಯ ದಂಡೆ, ಬೈರಸಂದ್ರ ಕೆರೆಯ ಜೊಂಡು ಇನ್ನೂ ಅಷ್ಟಿಷ್ಟು ಉಳಿದಿರುವುದರಿಂದಲೇ ನಾಗರಹಾವು, ಕೇರೆಹಾವು, ನೀರುಹಾವುಗಳೂ ಇಲ್ಲಿ ಉಳಿದಿವೆ. ಪಾಯ ತೋಡುವ ಜೆಸಿಬಿಯ ಹಲ್ಲಿಗೆ ಸಿಕ್ಕಿದ್ದೋ, ಬಲೆಯಲ್ಲಿ ಸುತ್ತಿಕೊಂಡು ಚರ್ಮ ಹರಿದದ್ದೋ ಸಿಕ್ಕಾಗ ಹಾವು ಹಿಡಿಯುವ ಸ್ವಯಂಸೇವಕರು ಅದನ್ನು ಊರಿನ ಇನ್ನೊಂದು ತುದಿಗೆ ಒಯ್ಯುತ್ತಾರೆ: ಕೆಂಗೇರಿ ಕಡೆಯ ಪೀಪಲ್ ಫಾರ್ ಅನಿಮಲ್ಸ್ ಆಸ್ಪತ್ರೆಗೆ, ಇಲ್ಲವೇ ಬನ್ನೇರುಘಟ್ಟಕ್ಕೆ. ಅಲ್ಲಿ ಹೊಲಿಗೆ ಹಾಕಬೇಕಾದರೆ ಅರಿವಳಿಕೆ ಬೇಕು. ಅರಿವಳಿಕೆ ಕೊಡುವವರು ಹೃದಯದ ಬಗ್ಗೆ ಯೋಚಿಸಲೇಬೇಕು. ಈ ಔಷಧಕ್ಕೆ ಹಾವಿನ ಹೃದಯ ಏನು ಮಾಡುತ್ತದೆ? ಬಡಿತ ಇಳಿದರೆ ಅಟ್ರೊಪಿನ್ ಕೊಡಬೇಕೇ, ಅಡ್ರಿನಲಿನ್ ಕೊಡಬೇಕೇ, ಅಥವಾ ಮೈ ಬೆಚ್ಚಗಾಗುವವರೆಗೆ ಸುಮ್ಮನಿರಬೇಕೇ?

ಉತ್ತರ ಒಂದೇ ಪುಸ್ತಕದಲ್ಲಿ ಸಿಗುವುದಿಲ್ಲ. ಅದು ಸುಮಾರು 140 ವರ್ಷಗಳ ಪ್ರಯೋಗಗಳಲ್ಲಿ ಹರಡಿಕೊಂಡಿದೆ. ಅವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಒಂದು ಸಂಗತಿ ಬೇರೆಲ್ಲಕ್ಕಿಂತ ಮುಖ್ಯವೆನಿಸುತ್ತದೆ. ನಮ್ಮಲ್ಲಿ ನರ ಮತ್ತು ಔಷಧ ಹೃದಯದ ವೇಗವನ್ನೂ ಬಲವನ್ನೂ ಬದಲಿಸುತ್ತವೆ. ಸರೀಸೃಪಗಳಲ್ಲಿ ಅವು ರಕ್ತ ಯಾವ ಕಡೆ ಹೋಗಬೇಕು ಎಂಬುದನ್ನೂ ತೀರ್ಮಾನಿಸುತ್ತವೆ. ಈ ಎರಡನೆಯದನ್ನು ಮರೆತು ಬಡಿತವನ್ನಷ್ಟೇ ಎಣಿಸುವ ಚಿಕಿತ್ಸೆ ಅರ್ಧ ಚಿಕಿತ್ಸೆ.

ರಚನೆಯನ್ನು ಚುಟುಕಾಗಿ ಹೇಳುತ್ತೇನೆ. ಹಾವು, ಹಲ್ಲಿ, ಆಮೆಗಳಿಗೆ ಎರಡು ಹೃತ್ಕರ್ಣ, ಒಂದು ಹೃತ್ಕುಕ್ಷಿ. ಆ ಒಂದೇ ಹೃತ್ಕುಕ್ಷಿಯೊಳಗೆ ಮಾಂಸದ ಏಣೊಂದು ಅಡ್ಡ ಬಂದು ಜಾಗವನ್ನು ಮೂರು ಪೊಟರೆಗಳಾಗಿ ಬಿಡಿಸುತ್ತದೆ, ಪೂರ್ತಿ ಮುಚ್ಚುವುದಿಲ್ಲ. ಮೊಸಳೆಗೆ ನಾಲ್ಕು ಕೋಣೆಗಳೂ ಇವೆ. ಆದರೆ ಅದರ ಬಲ ಹೃತ್ಕುಕ್ಷಿಯಿಂದಲೂ ಒಂದು ಮಹಾಪಧಮನಿ ಹೊರಡುತ್ತದೆ, ಮತ್ತು ಎಡಬಲದ ಎರಡು ಮಹಾಪಧಮನಿಗಳ ನಡುವೆ ಒಂದು ಕಿಂಡಿ ಇದೆ. ಇಟಲಿಯ ಬಾರ್ತೊಲೊಮಿಯೊ ಪಾನಿಜ್ಜಾ 1833ರಲ್ಲಿ ವಿವರಿಸಿದ ಈ ಕಿಂಡಿಗೆ ಇಂದಿಗೂ ಅವನದೇ ಹೆಸರು. ಅಂದರೆ ಇವುಗಳಲ್ಲಿ ದೇಹದಿಂದ ಮರಳಿದ ಕಪ್ಪುರಕ್ತ ಶ್ವಾಸಕೋಶಕ್ಕೆ ಹೋಗದೆಯೇ ಮತ್ತೆ ದೇಹಕ್ಕೆ ತಿರುಗಬಲ್ಲದು. ಶರೀರಶಾಸ್ತ್ರದಲ್ಲಿ ಇದನ್ನು ಬಲ-ಎಡ ಷಂಟ್ ಎನ್ನುತ್ತಾರೆ. ಶಾಲೆಯ ಪುಸ್ತಕಗಳು ಈ ಹೃದಯವನ್ನು ಮೀನಿಗೂ ಸಸ್ತನಿಗೂ ನಡುವೆ ನಿಂತುಬಿಟ್ಟ ಅರೆಬರೆ ಅಂಗವೆಂಬಂತೆ ತೋರಿಸುತ್ತವೆ. ಪ್ರಯೋಗಗಳು ಹೇಳುವುದು ಬೇರೆಯದನ್ನೇ.

ನರದ ಕಥೆ ಶುರುವಾಗುವುದು ಕಪ್ಪೆಯಿಂದ. 1845ರಲ್ಲಿ ಜರ್ಮನಿಯ ವೆಬರ್ ಸೋದರರು ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರಕ್ಕೆ ವಿದ್ಯುತ್ ಹಾಯಿಸಿ ಹೃದಯ ನಿಲ್ಲುವುದನ್ನು ತೋರಿಸಿದರು. ಒಂದು ನರ ಅಂಗವನ್ನು ಕೆಲಸಕ್ಕೆ ಹಚ್ಚುವ ಬದಲು ಸುಮ್ಮನಾಗಿಸಬಲ್ಲದು ಎಂಬುದು ಆಗ ದೊಡ್ಡ ಅಚ್ಚರಿ. ಆದರೆ ಹೃದಯದ ಒಳಗಿನ ವ್ಯವಹಾರ ಬಿಡಿಸಿಕೊಂಡದ್ದು ಆಮೆಯಲ್ಲಿ. ಕೇಂಬ್ರಿಡ್ಜಿನ ವಾಲ್ಟರ್ ಗ್ಯಾಸ್ಕೆಲ್ ಆಮೆಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಅದರ ಹೃದಯ ದೇಹದಿಂದ ಬೇರ್ಪಟ್ಟರೂ ಗಂಟೆಗಟ್ಟಲೆ ಬಡಿಯುತ್ತದೆ, ಅದರ ನರಗಳನ್ನು ಎಳೆ ಎಳೆಯಾಗಿ ಬಿಡಿಸಬಹುದು. ಬಡಿತ ಹುಟ್ಟುವ ಸೈನಸ್ ಕೋಣೆಯಿಂದ ಹೃತ್ಕುಕ್ಷಿಗೆ ಸಾಗುವ ಒಂದು ನರವನ್ನು ಕತ್ತರಿಸಿದರೂ ಬಡಿತ ಮುಂದಕ್ಕೆ ಸಾಗುತ್ತದೆ, ಹೃತ್ಕರ್ಣದ ಮಾಂಸವನ್ನು ಸೀಳುತ್ತ ಹೋದರೆ ಮಾತ್ರ ಬಡಿತ ತಡವಾಗಿ ಕೊನೆಗೆ ತಡೆದು ನಿಲ್ಲುತ್ತದೆ ಎಂಬುದನ್ನು ಅವನು 1883ರಲ್ಲಿ ಪ್ರಕಟಿಸಿದ. ಬಡಿತದ ಅಲೆ ಸಾಗುವುದು ಮಾಂಸದ ಮೂಲಕ, ನರ ಅದನ್ನು ಹದ್ದುಬಸ್ತಿನಲ್ಲಿಡುತ್ತದೆ ಎಂಬ ಅರಿವಿಗೆ ಇದು ಬುನಾದಿ. ಇಂದು ಹೃದ್ರೋಗ ತಜ್ಞರು ರೋಗಿಗಳಿಗೆ ಹೇಳುವ ‘ಹಾರ್ಟ್ ಬ್ಲಾಕ್’ನ ಬೇರು ಆಮೆಯ ಆ ಸೀಳುಗಳಲ್ಲಿದೆ.

ಗ್ಯಾಸ್ಕೆಲ್ ಕಂಡ ಇನ್ನೊಂದು ಸಂಗತಿ ಸೂಕ್ಷ್ಮವಾದದ್ದು. ಬಡಿಯದೆ ಸುಮ್ಮನಿದ್ದ ಆಮೆಯ ಹೃತ್ಕರ್ಣದ ತುಣುಕಿಗೆ ವೇಗಸ್ ನರದ ಮೂಲಕ ಪ್ರಚೋದನೆ ಕೊಟ್ಟಾಗ ಅದರ ವಿದ್ಯುತ್ ಸ್ಥಿತಿ ಬಡಿತದ ಸಮಯದಲ್ಲಿ ಆಗುವುದಕ್ಕೆ ತಿರುವುಮುರುವಾಗಿ ಬದಲಾಯಿತು. ವೇಗಸ್ ಹೃದಯವನ್ನು ದಣಿಸಿ ನಿಲ್ಲಿಸುವುದಿಲ್ಲ, ಅದನ್ನು ಇನ್ನಷ್ಟು ಆಳವಾದ ವಿಶ್ರಾಂತಿಗೆ ಇಳಿಸುತ್ತದೆ ಎಂಬುದಕ್ಕೆ ಇದು ಮೊದಲ ಸಾಕ್ಷ್ಯ. ಪೊಟ್ಯಾಸಿಯಂ ಅಯಾನುಗಳು ಜೀವಕೋಶದಿಂದ ಹೊರಹರಿಯುವುದೇ ಇದಕ್ಕೆ ಕಾರಣವೆಂದು ತಿಳಿಯಲು ಇನ್ನೂ ಹಲವು ದಶಕ ಬೇಕಾದವು.

ಅದೇ ಕಾಲದಲ್ಲಿ ವೆಸ್ಲಿ ಮಿಲ್ಸ್ ಆಮೆ, ಹಾವು, ಹಲ್ಲಿ, ಅಲಿಗೇಟರ್‌ಗಳ ಹೃದಯಗಳನ್ನು ಒಂದೊಂದಾಗಿ ಪರೀಕ್ಷಿಸಿದ. ಎರಡು ವೇಗಸ್ ನರಗಳಲ್ಲಿ ಬಲಗಡೆಯದು ಬಡಿತವನ್ನು ಹೆಚ್ಚು ಬಲವಾಗಿ ತಡೆಯುತ್ತದೆ ಎಂಬುದು ಆಮೆಗಳಲ್ಲಿ ಮತ್ತೆ ಮತ್ತೆ ಕಂಡುಬಂತು. ಇಟಲಿಯ ಜೂಲಿಯೊ ಫಾನೊ 1887ರ ಹೊತ್ತಿಗೆ ಕೆರೆಯ ಆಮೆಯ ಹೃತ್ಕರ್ಣದಲ್ಲಿ ಬಡಿತಕ್ಕೆ ಹೊರತಾದ ಇನ್ನೊಂದು ಚಲನೆಯನ್ನು ಗುರುತಿಸಿದ. ನಿಧಾನವಾಗಿ ಬಿಗಿದು ಸಡಿಲವಾಗುವ ಈ ಅಲೆಗಳು ಹೃತ್ಕರ್ಣದ ಗೋಡೆಯ ನಯಸ್ನಾಯುವಿನವು. ಬಡಿತವನ್ನು ಕುಗ್ಗಿಸುವ ವೇಗಸ್ ಈ ಅಲೆಗಳನ್ನು ಹೆಚ್ಚಿಸುತ್ತದೆ, ಬಡಿತವನ್ನು ಏರಿಸುವ ಸಿಂಪಥೆಟಿಕ್ ನರ ಅವನ್ನು ಅಡಗಿಸುತ್ತದೆ. ಒಂದೇ ನರ, ಒಂದೇ ಅಂಗ, ಎದುರುಬದುರಾದ ಎರಡು ಪರಿಣಾಮ. ಮುಂದೆ ಬರಲಿರುವ ಗೋಜಲಿನ ಮೊದಲ ಸುಳಿವು ಇದು.

ನರ ಮಾಡಿದ್ದನ್ನು ರಾಸಾಯನಿಕವೂ ಮಾಡಬಲ್ಲದು ಎಂದು ಒಟ್ಟೊ ಲೋವಿ 1921ರಲ್ಲಿ ಕಪ್ಪೆಯ ಹೃದಯದಲ್ಲಿ ತೋರಿಸಿದ ಮೇಲೆ ಔಷಧಗಳ ಅಧ್ಯಾಯ ತೆರೆಯಿತು. ಸರೀಸೃಪಗಳಲ್ಲಿ ಅದರ ಸ್ಥೂಲ ಚಿತ್ರ ನಮಗೆ ಪರಿಚಿತವಾದದ್ದೇ. ವೇಗಸ್ ತುದಿಯಲ್ಲಿ ಒಸರುವ ಅಸಿಟೈಲ್‌ಕೊಲೀನ್ ಬಡಿತವನ್ನು ನಿಧಾನಗೊಳಿಸುತ್ತದೆ, ಹೃತ್ಕರ್ಣದ ಬಲವನ್ನು ಚೆನ್ನಾಗಿ ತಗ್ಗಿಸುತ್ತದೆ, ಹೃತ್ಕುಕ್ಷಿಯ ಬಲವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಅಟ್ರೊಪಿನ್ ಇದನ್ನೆಲ್ಲ ತಡೆಯುತ್ತದೆ. ಅಡ್ರಿನಲಿನ್ ವೇಗವನ್ನೂ ಬಲವನ್ನೂ ಏರಿಸುತ್ತದೆ, ಪ್ರೊಪ್ರನಲಾಲ್ ಅದಕ್ಕೆ ಅಡ್ಡ ನಿಲ್ಲುತ್ತದೆ. ನಮ್ಮ ಸರ್ಪಗಂಧಿಯ ಬೇರಿನಿಂದ 1952ರಲ್ಲಿ ಬೇರ್ಪಡಿಸಿದ ರೆಸರ್ಪಿನ್ ಇನ್ನೊಂದು ಬಗೆಯದು. ಅದು ಸಿಂಪಥೆಟಿಕ್ ನರತುದಿಗಳ ದಾಸ್ತಾನನ್ನೇ ಬರಿದು ಮಾಡುತ್ತದೆ. ಮುಂಬೈಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಆ ಬೇರಿನ ಬಗ್ಗೆ ಬರೆದ ಲೇಖನದಿಂದಲೇ ಜಗತ್ತಿನ ವೈದ್ಯರು ರಕ್ತದೊತ್ತಡಕ್ಕೆ ಅದನ್ನು ಬಳಸಲು ಮುಂದಾದದ್ದು.

ತೊಡಕು ಇರುವುದು ಬಿಡಿ ಹೃದಯಕ್ಕೂ ಜೀವಂತ ಪ್ರಾಣಿಗೂ ನಡುವೆ. ಬಿಡಿ ಹೃದಯಕ್ಕೆ ಅಡ್ರಿನಲಿನ್ ಹನಿಸಿದರೆ ಬಡಿತ ಏರುತ್ತದೆ. ಇಡೀ ಪ್ರಾಣಿಗೆ ಚುಚ್ಚಿದರೆ ಅದು ರಕ್ತನಾಳಗಳನ್ನೂ ಬಿಗಿಸುತ್ತದೆ, ಒತ್ತಡ ಏರುತ್ತದೆ, ಏರಿದ ಒತ್ತಡವನ್ನು ತಗ್ಗಿಸಲು ವೇಗಸ್ ಎಚ್ಚೆತ್ತು ಬಡಿತವನ್ನು ಇಳಿಸುತ್ತದೆ. ಆದ್ದರಿಂದ ಒಬ್ಬ ಸಂಶೋಧಕ ‘ಏರಿತು’ ಎಂದೂ ಇನ್ನೊಬ್ಬ ‘ಇಳಿಯಿತು’ ಎಂದೂ ಬರೆದರೆ ಇಬ್ಬರೂ ಸರಿಯಿರಬಹುದು. ಪ್ರಾಣಿ ಎಷ್ಟು ಗಾಬರಿಯಾಗಿತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ದಕ್ಷಿಣ ಅಮೆರಿಕದ ಗಿಲಕಿ ಹಾವಿನ ಮೈಯೊಳಗೆ ಅಳತೆಯ ಸಲಕರಣೆ ಕೂರಿಸಿ ನೋಡಿದವರಿಗೆ ಶಸ್ತ್ರಕ್ರಿಯೆಯಾದ ಹಲವು ದಿನಗಳ ನಂತರವಷ್ಟೇ ವೇಗಸ್‌ನ ಸಹಜ ಹಿಡಿತ ಮರಳಿದ್ದು ಕಂಡಿತು. ಆಗ ಉಸಿರಿನ ಲಯಕ್ಕೆ ತಕ್ಕಂತೆ ಬಡಿತ ಏರಿಳಿಯುವುದೂ ಕಾಣಿಸಿಕೊಂಡಿತು. ಸಸ್ತನಿಗಳಿಗೇ ಮೀಸಲೆಂದು ಬಹುಕಾಲ ನಂಬಿದ್ದ ಲಕ್ಷಣ ಅದು. ಹಿಡಿದು ಚೀಲಕ್ಕೆ ಹಾಕಿ ತಂದ ನಾಗರಹಾವಿನ ಬಡಿತವನ್ನು ಮೇಜಿನ ಮೇಲೆ ಎಣಿಸಿ ‘ಇದು ಇದರ ಸಹಜ ಬಡಿತ’ ಎಂದು ಬರೆದುಕೊಳ್ಳುವುದು ತಪ್ಪಾಗುವುದು ಈ ಕಾರಣಕ್ಕೆ.

ಈಗ ದಾರಿಯ ವಿಷಯ. ಸರೀಸೃಪಗಳ ವೇಗಸ್ ಹೃದಯಕ್ಕಷ್ಟೇ ಹೋಗುವುದಿಲ್ಲ. ಶ್ವಾಸಕೋಶಕ್ಕೆ ರಕ್ತ ಒಯ್ಯುವ ಅಪಧಮನಿಯ ಗೋಡೆಗೂ ಅದರ ಎಳೆಗಳು ಹೋಗುತ್ತವೆ. ಅಲ್ಲಿ ಒಸರಿದ ಅಸಿಟೈಲ್‌ಕೊಲೀನ್ ಆ ನಾಳವನ್ನು ಬಿಗಿಸುತ್ತದೆ. ಶ್ವಾಸಕೋಶದ ಕಡೆ ತಡೆ ಹೆಚ್ಚಿದಾಗ ಒಂದೇ ಹೃತ್ಕುಕ್ಷಿಯ ರಕ್ತ ಸುಲಭವಿದ್ದ ಕಡೆ, ಅಂದರೆ ದೇಹದ ಕಡೆ ತಿರುಗುತ್ತದೆ. ಬೈರಸಂದ್ರದಂಥ ಕೆರೆಗಳಲ್ಲಿ ಹಿಂದೆ ತೂಬು ಎತ್ತಿ ಇಳಿಸಿ ನೀರನ್ನು ಈ ಕಾಲುವೆಗೋ ಆ ಕಾಲುವೆಗೋ ಬಿಡುತ್ತಿದ್ದ ನೀರಗಂಟಿಯ ಕೆಲಸವನ್ನು ಇಲ್ಲಿ ವೇಗಸ್ ಮಾಡುತ್ತದೆ. ಆಮೆ ನೀರಿನಡಿ ಉಸಿರು ಕಟ್ಟಿದಾಗ ಬಡಿತ ಇಳಿಯುತ್ತದೆ, ಶ್ವಾಸಕೋಶದ ಹರಿವೂ ಕುಗ್ಗುತ್ತದೆ. ಮೇಲೆ ಬಂದು ಉಸಿರೆಳೆದಾಗ ಎರಡೂ ಏರುತ್ತವೆ. ಅಡ್ರಿನಲಿನ್ ರಕ್ತವನ್ನು ಮತ್ತೆ ಶ್ವಾಸಕೋಶದ ಕಡೆ ವಾಲಿಸುತ್ತದೆ. ಗಿಲಕಿ ಹಾವಿನಲ್ಲಿ ಎಡ ವೇಗಸ್ ಒಂದನ್ನು ಕತ್ತರಿಸಿದರೆ ಸಾಕು, ಶ್ವಾಸಕೋಶದ ನಾಳ ಈ ಹಿಡಿತದಿಂದ ಬಿಡುಗಡೆಯಾಗುತ್ತದೆ. ಹೆಬ್ಬಾವು ಮತ್ತು ಉಡ ಇದಕ್ಕೆ ಬಹುಮಟ್ಟಿಗೆ ಹೊರತು. ಅವುಗಳಲ್ಲಿ ಮಾಂಸದ ಏಣು ದಪ್ಪ. ಬಡಿಯುವಾಗ ಅದು ಹೃತ್ಕುಕ್ಷಿಯನ್ನು ಎರಡು ಒತ್ತಡಗಳ ಕೋಣೆಗಳಾಗಿಯೇ ಬಿಡಿಸಿಬಿಡುತ್ತದೆ, ಹಾಗಾಗಿ ಬೆರಕೆಗೆ ಅವಕಾಶ ಕಡಿಮೆ.

ಮೊಸಳೆಯ ಏರ್ಪಾಡು ಇನ್ನೂ ಬೆರಗು ಹುಟ್ಟಿಸುವಂಥದ್ದು. ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ ಹೋಗುವ ಬಾಯಿಯಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಹಲ್ಲುಗಳಂಥ ಗಂಟುಗಳಿವೆ. ಕ್ರೇಗ್ ಫ್ರಾಂಕ್ಲಿನ್ ಮತ್ತು ಮೈಕೆಲ್ ಆಕ್ಸೆಲ್ಸನ್ 2000ದಲ್ಲಿ ಉಪ್ಪುನೀರಿನ ಮೊಸಳೆಯ ಹೃದಯಕ್ಕೆ ದ್ರವ ಹಾಯಿಸಿ ತೋರಿಸಿದಂತೆ, ಅಡ್ರಿನಲಿನ್ ಸಿಕ್ಕಾಗ ಈ ಕವಾಟ ಸಡಿಲಾಗಿ ರಕ್ತವೆಲ್ಲ ಶ್ವಾಸಕೋಶಕ್ಕೆ ಹರಿಯುತ್ತದೆ. ಅದು ಇಲ್ಲದಾಗ ಕವಾಟ ಬಿಗಿದು ರಕ್ತ ಎಡ ಮಹಾಪಧಮನಿಗೆ ತಿರುಗುತ್ತದೆ. ಹಾರ್ಮೋನಿನ ಮಾತು ಕೇಳುವ ಇಂಥ ಹೃದಯ ಕವಾಟ ನಮ್ಮಲ್ಲಿಲ್ಲ. ರಂಗನತಿಟ್ಟಿನ ಬಂಡೆಯ ಮೇಲೆ ಬಾಯಿ ತೆರೆದು ಮಲಗಿರುವ ಮೊಸಳೆಯೂ ಇದೇ ಕುಲದ್ದು.

ಇಷ್ಟೆಲ್ಲ ಸಲಕರಣೆ ಯಾವ ಉಪಯೋಗಕ್ಕೆ ಎಂಬಲ್ಲಿ ಪಂಡಿತರು ಜಗಳವಾಡುತ್ತಿದ್ದಾರೆ. ಉಟಾದ ಕೊಲೀನ್ ಫಾರ್ಮರ್ ಅವರ ವಾದದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿದ ರಕ್ತವನ್ನು ಹೊಟ್ಟೆಗೆ ತಿರುಗಿಸಿದರೆ ಆಮ್ಲ ಹೆಚ್ಚು ಒಸರಿ ದೊಡ್ಡ ಬೇಟೆ ಬೇಗ ಜೀರ್ಣವಾಗುತ್ತದೆ. ಆದರೆ ಷಂಟನ್ನು ಶಸ್ತ್ರಕ್ರಿಯೆಯಿಂದ ಮುಚ್ಚಿದ ಅಲಿಗೇಟರ್‌ಗಳೂ ಎಡ ವೇಗಸ್ ಕಳೆದುಕೊಂಡ ಗಿಲಕಿ ಹಾವುಗಳೂ ಬೆಳವಣಿಗೆಯಲ್ಲಿ ಹಿಂದೆ ಬೀಳಲಿಲ್ಲ. ಡೆನ್ಮಾರ್ಕಿನ ತೋಬಿಯಾಸ್ ವಾಂಗ್, ಕ್ಯಾಲಿಫೋರ್ನಿಯಾದ ಜೇಮ್ಸ್ ಹಿಕ್ಸ್ ಮೊದಲಾದವರು ಷಂಟ್ ಹಳೆಯ ವಂಶದಿಂದ ಉಳಿದುಬಂದದ್ದಿರಬಹುದು, ಪ್ರತಿ ಲಕ್ಷಣಕ್ಕೂ ಒಂದು ಲಾಭವನ್ನು ಹುಡುಕಲೇಬೇಕಿಲ್ಲ ಎನ್ನುವ ಕಡೆ ವಾಲಿದ್ದಾರೆ. ಬೋನಿನಲ್ಲಿ ಹೊಟ್ಟೆ ತುಂಬ ಉಂಡು ಬೆಳೆದ ಪ್ರಾಣಿಯಿಂದ ಕಾಡಿನ ಲೆಕ್ಕ ಹೇಳುವುದು ಕಷ್ಟ ಎಂಬುದು ನನ್ನ ಅನಿಸಿಕೆ. ಆದರೂ ಸದ್ಯದ ಸಾಕ್ಷ್ಯ ಎರಡನೆಯವರ ಕಡೆಗಿದೆ ಎಂದು ಒಪ್ಪಬೇಕು.

ಉಪಯೋಗ ಏನೇ ಇರಲಿ, ಆಸ್ಪತ್ರೆಯ ಮೇಜಿನ ಮೇಲೆ ಷಂಟ್ ತನ್ನ ಪ್ರಭಾವ ತೋರಿಸಿಯೇ ತೀರುತ್ತದೆ. ಐಸೊಫ್ಲೂರೇನ್ ಅನಿಲ ಮೈಗೇರುವುದೂ ಇಳಿಯುವುದೂ ಶ್ವಾಸಕೋಶದ ಮೂಲಕ. ರಕ್ತ ಅತ್ತ ಹೋಗದಿದ್ದರೆ ಯಂತ್ರದ ಮುಳ್ಳು ತೋರಿಸುವ ಪ್ರಮಾಣಕ್ಕೂ ಪ್ರಾಣಿಯ ಮಿದುಳಿನಲ್ಲಿರುವ ಪ್ರಮಾಣಕ್ಕೂ ತಾಳೆಯಾಗುವುದಿಲ್ಲ. ಆಮೆ ಬೇಗ ಮಂಪರಿಗೆ ಹೋಗುವುದಿಲ್ಲ, ಹೋದರೆ ಬೇಗ ಏಳುವುದೂ ಇಲ್ಲ. ದಕ್ಷಿಣ ಅಮೆರಿಕದ ಕೆಂಪುಗಾಲಿನ ಆಮೆಗಳಿಗೆ ಅಟ್ರೊಪಿನ್ ಕೊಟ್ಟು ಷಂಟನ್ನು ಅಡಗಿಸಿದಾಗ ಅರಿವಳಿಕೆ ಸ್ಥಿರವಾಯಿತೆಂದು 2018ರಲ್ಲಿ ಪ್ರಕಟವಾಯಿತು. ಅಮೆರಿಕದ ಸ್ನಾಪಿಂಗ್ ಆಮೆಗಳಿಗೆ ಕೊನೆಯಲ್ಲಿ ಅಡ್ರಿನಲಿನ್ ಚುಚ್ಚಿದಾಗ ಅವು ಬೇಗ ಎಚ್ಚೆತ್ತವು. ಎರಡರ ಹಿಂದಿನ ತತ್ವವೂ ಒಂದೇ, ಶ್ವಾಸಕೋಶದ ದಾರಿ ತೆರೆಯುವುದು. ಅಟ್ರೊಪಿನ್ನನ್ನು ಬಡಿತ ಏರಿಸುವ ಔಷಧವೆಂದು ಮಾತ್ರ ತಿಳಿದವರಿಗೆ ಈ ಲಾಭ ಹೊಳೆಯುವುದಿಲ್ಲ. ಕಳ್ಳಸಾಗಣೆಯಲ್ಲಿ ಸಿಕ್ಕಿಬಿದ್ದು ಚಿಪ್ಪು ಒಡೆದ ನಕ್ಷತ್ರ ಆಮೆಗಳು ಬೆಂಗಳೂರಿನ ವೈದ್ಯರ ಕೈಗೆ ಬರುತ್ತಿರುತ್ತವೆ. ಈ ಎರಡು ಪ್ರಯೋಗಗಳು ಅವಕ್ಕೆ ನೇರವಾಗಿ ಸಂಬಂಧಿಸಿದವು.

ನರ, ಅಡ್ರಿನಲಿನ್ ಎರಡನ್ನೂ ತಡೆದ ಮೇಲೂ ಹೃದಯ ಬೇರೆಯವರ ಮಾತು ಕೇಳುತ್ತದೆಂದು ಕಲಿಸಿದ್ದು ಹೆಬ್ಬಾವು. ದೊಡ್ಡ ಬೇಟೆ ನುಂಗಿದ ಹೆಬ್ಬಾವಿನ ಬಡಿತ ಕೆಲವು ಪಟ್ಟು ಏರುತ್ತದೆ. ಅಟ್ರೊಪಿನ್, ಪ್ರೊಪ್ರನಲಾಲ್ ಎರಡನ್ನೂ ಕೊಟ್ಟರೂ ಏರಿಕೆಯ ಒಂದು ಪಾಲು ಉಳಿದುಕೊಳ್ಳುತ್ತದೆ. ಜೀರ್ಣಕ್ರಿಯೆಯ ಮೊದಲ ಹಂತದಲ್ಲಿ ಬಿಡುಗಡೆಯಾಗುವ ಹಿಸ್ಟಮಿನ್ ಹೃದಯದ ಎಚ್-2 ಗ್ರಾಹಕಗಳ ಮೇಲೆ ನೇರವಾಗಿ ಕೆಲಸ ಮಾಡುವುದು 2009ರಲ್ಲಿ ಗೊತ್ತಾಯಿತು. ಉಂಡ ಹೆಬ್ಬಾವಿನ ಹೃದಯ ಎರಡು ದಿನದಲ್ಲಿ ಶೇಕಡಾ 40ರಷ್ಟು ದಪ್ಪವಾಗುತ್ತದೆಂದು 2005ರಲ್ಲಿ ಬಂದ ವರದಿ ಬಹಳ ಹೆಸರು ಮಾಡಿತು. ರಕ್ತದ ಕೆಲವು ಕೊಬ್ಬಿನಾಮ್ಲಗಳು ಈ ಬೆಳವಣಿಗೆಯನ್ನು ಪ್ರಚೋದಿಸುತ್ತವೆಂದು 2011ರಲ್ಲಿ ಇನ್ನೊಂದು ತಂಡ ತೋರಿಸಿತು. ಮುಂದಿನ ಪ್ರಯೋಗಗಳಲ್ಲಿ ಅಷ್ಟು ದೊಡ್ಡ ಬೆಳವಣಿಗೆ ಎಲ್ಲರಿಗೂ ಸಿಗಲಿಲ್ಲ. ಬಡಿತದ ಏರಿಕೆಯಲ್ಲಿ ಮಾತ್ರ ಯಾರಿಗೂ ಸಂಶಯವಿಲ್ಲ.

ಎಲ್ಲದರ ಮೇಲೂ ಕೂತಿರುವುದು ಉಷ್ಣತೆ. ಮೈಯ ಬಿಸಿ 10 ಡಿಗ್ರಿ ಏರಿದರೆ ಬಡಿತ ಎರಡರಿಂದ ಮೂರು ಪಟ್ಟಾಗುತ್ತದೆ. ಡಿಸೆಂಬರ್ ಮುಂಜಾನೆ ಬೆಂಗಳೂರು 16 ಡಿಗ್ರಿಯ ಆಸುಪಾಸಿಗೆ ಇಳಿದಾಗ ಸಿಕ್ಕ ಹಾವಿಗೂ ಏಪ್ರಿಲ್ ಮಧ್ಯಾಹ್ನ ಸಿಕ್ಕ ಹಾವಿಗೂ ಒಂದೇ ಔಷಧ ಒಂದೇ ಪರಿಣಾಮ ಮಾಡಲಾರದು. ಇನ್ನೂ ಒಂದು ವಿಶೇಷವಿದೆ. ಒಂದೇ ಉಷ್ಣತೆಯಲ್ಲಿ ಕೂಡ ಬಿಸಿಯಾಗುತ್ತಿರುವ ಹಲ್ಲಿಯ ಬಡಿತ ತಣ್ಣಗಾಗುತ್ತಿರುವ ಹಲ್ಲಿಯದಕ್ಕಿಂತ ಹೆಚ್ಚು. ಬಿಸಿಲಲ್ಲಿ ಬೇಗ ಕಾಯಲು, ನೆರಳಲ್ಲಿ ನಿಧಾನ ಆರಲು ಇದು ನೆರವಾಗುತ್ತದೆ. ಆಸ್ಟ್ರೇಲಿಯಾದ ಗಡ್ಡದ ಓತಿಕ್ಯಾತದಲ್ಲಿ ಇದರ ಹಿಂದೆ ಪ್ರೊಸ್ಟಗ್ಲಾಂಡಿನ್‌ಗಳಿವೆ, ಅವುಗಳ ತಯಾರಿ ತಡೆದರೆ ವ್ಯತ್ಯಾಸವೇ ಮಾಯ. ನಮ್ಮ ವೈದ್ಯರು ಗಾಯಗೊಂಡ ಸರೀಸೃಪಗಳಿಗೆ ಕೊಡುವ ಮೆಲೊಕ್ಸಿಕಾಂ ತಡೆಯುವುದೂ ಪ್ರೊಸ್ಟಗ್ಲಾಂಡಿನ್ ತಯಾರಿಯನ್ನೇ. ನೋವು ನಿವಾರಕ ಪಡೆದ ಪ್ರಾಣಿಗೆ ಬಿಸಿಲು ಕಾಯುವ ಜಾಣ್ಮೆ ಎಷ್ಟು ಉಳಿಯುತ್ತದೆ ಎಂದು ಯಾರಾದರೂ ಅಳೆಯಬೇಕು.

ಚಳಿಯ ಅತಿರೇಕವನ್ನು ಕಲಿಸಿದ ಪ್ರಾಣಿ ನಮ್ಮ ಅಕ್ವೇರಿಯಂ ಅಂಗಡಿಗಳಲ್ಲಿ ಅಂಗೈಯಗಲದ ಮರಿಯಾಗಿ ಮಾರಾಟವಾಗುವ ಕೆಂಪು ಕಿವಿಯ ಅಮೆರಿಕನ್ ಆಮೆ. ಅದನ್ನು 5 ಡಿಗ್ರಿಯಲ್ಲಿ ಆಮ್ಲಜನಕವಿಲ್ಲದ ನೀರಿನಲ್ಲಿಟ್ಟರೆ ಹೃದಯ ಎರಡು ಮೂರು ನಿಮಿಷಕ್ಕೊಮ್ಮೆ ಬಡಿಯುತ್ತದೆ. ರಕ್ತದಲ್ಲಿ ಅಡ್ರಿನಲಿನ್ ಉಕ್ಕಿರುತ್ತದೆ, ಆದರೆ ಹೃದಯ ಅಡ್ರಿನಲಿನ್ ಹಿಡಿಯುವ ತನ್ನ ಬೀಟಾ ಗ್ರಾಹಕಗಳನ್ನು ಕಡಿಮೆ ಮಾಡಿಕೊಂಡು ಅದಕ್ಕೆ ಕಿವುಡಾಗಿರುತ್ತದೆ. ಅಟ್ರೊಪಿನ್ನಿಗೂ ಅಲ್ಲಿ ಹೆಚ್ಚು ಕೆಲಸವಿಲ್ಲ. ಬೆಚ್ಚಗಿನ ನೀರಿನಲ್ಲಿ ಇದೇ ಆಮೆಯ ಉಸಿರು ಕಟ್ಟಿದರೆ ಬಡಿತ ಇಳಿಸುವುದು ವೇಗಸ್, ಅಲ್ಲಿ ಅಟ್ರೊಪಿನ್ ನಾಟುತ್ತದೆ. ತಣ್ಣಗಿರುವ ಪ್ರಾಣಿಗೆ ಚುಚ್ಚುಮದ್ದಿನ ಮೇಲೆ ಚುಚ್ಚುಮದ್ದು ಕೊಡುವ ಮೊದಲು ಅದನ್ನು ಬೆಚ್ಚಗೆ ಮಾಡಬೇಕೆಂಬ ಮಾತಿಗೆ ಆಧಾರ ಇಲ್ಲಿದೆ. ಸತ್ತಿದೆ ಎಂದು ಘೋಷಿಸುವುದಕ್ಕೂ ಮೊದಲು ಬೆಚ್ಚಗೆ ಮಾಡಬೇಕು. ತದ್ವಿರುದ್ಧವೂ ನಿಜ: ಮಿದುಳು ಸತ್ತ ಮೇಲೂ ಈ ಹೃದಯಗಳು ಬಹಳ ಹೊತ್ತು ಬಡಿಯುವುದರಿಂದ ಬಡಿತವೊಂದೇ ಜೀವದ ಗುರುತಾಗಲಾರದು.

ಔಷಧವೆಂದರೆ ಬಾಟಲಿಯಲ್ಲಿರುವುದಷ್ಟೇ ಅಲ್ಲ. ಮಳೆಗಾಲದಲ್ಲಿ ನಮ್ಮ ಬೀದಿದೀಪದ ಕೆಳಗೆ ಹುಳು ಹಿಡಿಯುವ ನೆಲಗಪ್ಪೆಯ ಚರ್ಮದಲ್ಲಿ ಬುಫಾಡಯನೊಲೈಡ್ ಎಂಬ ವಿಷವಿದೆ. ಡಿಜಿಟಾಲಿಸ್ ಗಿಡದ ಡಿಗಾಕ್ಸಿನ್, ಬೇಲಿಯ ಕಣಗಿಲೆಯ ವಿಷ, ನೆಲಗಪ್ಪೆಯ ವಿಷ ಮೂರೂ ಹಿಡಿಯುವುದು ಹೃದಯಕೋಶದ ಸೋಡಿಯಂ-ಪೊಟ್ಯಾಸಿಯಂ ಪಂಪನ್ನು. ನೀರುಹಾವು, ಕೇರೆಹಾವು, ನಾಗರಹಾವು ನೆಲಗಪ್ಪೆಯನ್ನು ತಿಂದು ಅರಗಿಸಿಕೊಳ್ಳುತ್ತವೆ. ನೆಲಗಪ್ಪೆ ತಿನ್ನುವ ಹಾವುಗಳ ಪಂಪಿನಲ್ಲಿ ವಿಷ ಕೂರುವ ಜಾಗದ ಅಮೈನೊ ಆಮ್ಲಗಳು ಬದಲಾಗಿವೆ, ವಿಷಕ್ಕೆ ಅಲ್ಲಿ ಹಿಡಿತ ಸಿಗುವುದಿಲ್ಲ. ಏಷ್ಯಾ, ಆಫ್ರಿಕಾದ ಉಡಗಳಲ್ಲೂ ಇಂಥದೇ ಬದಲಾವಣೆ ಇದೆ. ನೆಲಗಪ್ಪೆಗಳೇ ಇಲ್ಲದಿದ್ದ ಆಸ್ಟ್ರೇಲಿಯಾದ ಉಡಗಳಲ್ಲಿ ಅದಿಲ್ಲ. 1935ರಲ್ಲಿ ಕಬ್ಬಿನ ಕೀಟ ತಿನ್ನಲೆಂದು ಅಲ್ಲಿಗೆ ತಂದ ಕೇನ್ ನೆಲಗಪ್ಪೆಗೆ ಬಾಯಿ ಹಾಕಿದ ಉಡಗಳು ಹೃದಯ ನಿಂತು ಸತ್ತವು. ಹೃದಯದ ಮೇಲೆ ಔಷಧದ ಪರಿಣಾಮ ಎಂಬುದಕ್ಕೆ ಇಷ್ಟು ದೊಡ್ಡ ಪ್ರಯೋಗವನ್ನು ಯಾವ ಪ್ರಯೋಗಾಲಯವೂ ಮಾಡಿಲ್ಲ. ಡಿಗಾಕ್ಸಿನ್ ಗುಂಪಿನ ಔಷಧವನ್ನು ಸಸ್ತನಿಗಳ ಲೆಕ್ಕದಲ್ಲಿ ಹಾವಿಗೆ ಕೊಡುವ ಯೋಚನೆಯನ್ನು ಇದೊಂದೇ ಸಂಗತಿ ಕೈಬಿಡಿಸಬೇಕು.

ಇಷ್ಟು ಜ್ಞಾನವೆಲ್ಲ ಬಂದದ್ದು ಬೆರಳೆಣಿಕೆಯ ಜಾತಿಗಳಿಂದ: ಕೆಂಪು ಕಿವಿಯ ಆಮೆ, ಗಿಲಕಿ ಹಾವು, ಹೆಬ್ಬಾವು, ಅಲಿಗೇಟರ್. ಇಲ್ಲಿನ ಕಾಲೇಜುಗಳಲ್ಲಿ ಒಂದು ಕಾಲಕ್ಕೆ ಕಪ್ಪೆಯ ಹೃದಯ ಹೊಗೆ ಹಿಡಿಸಿದ ಕಾಗದದ ಮೇಲೆ ಗೀಟೆಳೆಯುತ್ತಿತ್ತು. 2014ರಲ್ಲಿ ಯುಜಿಸಿ ಅದನ್ನು ನಿಲ್ಲಿಸಿದ್ದು ಸರಿಯಾದ ತೀರ್ಮಾನ. ಹಾವು, ಆಮೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ, ಅದು ಇರಲೇಬೇಕು. ಹಾಗಾದರೆ ನಮ್ಮ ಜಾತಿಗಳ ಬಗ್ಗೆ ತಿಳಿಯುವ ದಾರಿ ಚಿಕಿತ್ಸೆಯ ದಾಖಲೆಯೇ. ಗಾಯಗೊಂಡು ಬಂದ ಪ್ರತಿ ಪ್ರಾಣಿಯ ಜಾತಿ, ತೂಕ, ಮೈಯ ಉಷ್ಣತೆ, ಉಂಡು ಎಷ್ಟು ದಿನವಾಗಿದೆ, ಕೊಟ್ಟ ಔಷಧ, ಅದಕ್ಕೆ ಮೊದಲು ಮತ್ತು ನಂತರದ ಬಡಿತ, ಎಚ್ಚರವಾಗಲು ಹಿಡಿದ ಸಮಯ ಇವಿಷ್ಟನ್ನು ಒಂದೇ ನಮೂನೆಯಲ್ಲಿ ಬರೆದಿಟ್ಟರೆ ಸಾಕು. ಡಾಪ್ಲರ್ ಮತ್ತು ಥರ್ಮಾಮೀಟರ್ ಇದಕ್ಕೆ ಬೇಕಾದ ಸಲಕರಣೆ. ಇಸಿಜಿ ಬೇಕೆಂದರೆ ಕಷ್ಟ ಹೆಚ್ಚು. ಸರೀಸೃಪದ ಸಂಕೇತ ಬಹುತೇಕ ಒಂದು ಮಿಲಿವೋಲ್ಟಿಗಿಂತ ಕಡಿಮೆ, ಪಿ ಅಲೆಗೂ ಮೊದಲು ಸೈನಸ್‌ನ ಪುಟ್ಟ ಅಲೆಯೊಂದಿರುತ್ತದೆ, ಮನುಷ್ಯರ ಯಂತ್ರ ಅದನ್ನು ಸದ್ದೆಂದು ಅಳಿಸಿಬಿಡುವುದುಂಟು. ಸಿ.ವಿ. ರಾಮನ್ ನಗರದಲ್ಲೇ ಡಿ.ಆರ್.ಡಿ.ಓ.ದ ಡೆಬೆಲ್ ಇದೆ, ವೈದ್ಯಕೀಯ ವಿದ್ಯುತ್ ಸಲಕರಣೆಗಳೇ ಅದರ ಕಸುಬು. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಇಂಥ ಸಂಕೇತವನ್ನು ಹಿಡಿಯುವ ಅಗ್ಗದ ಯಂತ್ರ ಈ ಎರಡರ ನಡುವೆ ಹುಟ್ಟಬಹುದಾದದ್ದು. ಕೇರೆಹಾವಿನಿಂದ ಶುರುಮಾಡುವುದು ಒಳ್ಳೆಯದು. ಅದಕ್ಕೆ ವಿಷವಿಲ್ಲ, ರಕ್ಷಣೆಯ ಕರೆಗಳಲ್ಲಿ ಅದು ಪದೇ ಪದೇ ಸಿಗುತ್ತದೆ, ಮತ್ತು ಅದು ನೆಲಗಪ್ಪೆ ತಿಂದೂ ಬದುಕುವ ಪ್ರಾಣಿ.